ಸಣ್ಣ ದೇಶ, ದೊಡ್ಡ ಸಿನಿಮಾ: ನ್ಯೂಜಿಲೆಂಡ್ ಚಿತ್ರೋದ್ಯಮದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಇಷ್ಟೊಂದು ದೇಶಗಳಿರುವಾಗ ನ್ಯೂಜಿಲೆಂಡ್ ಯಾಕೆ?

ಅಲ್ಲಿನ ಜನಸಂಖ್ಯೆ 50 ಲಕ್ಷದ ಮೇಲೆ ಸ್ವಲ್ಪ, ಬೆಂಗಳೂರಿನ ಅರ್ಧಕ್ಕೂ ಕಮ್ಮಿ. ತನ್ನ ಪ್ರೇಕ್ಷಕರನ್ನೇ ನಂಬಿಕೊಂಡರೆ ದೊಡ್ಡ ಬಜೆಟ್ಟಿನ ಒಂದು ಚಿತ್ರಕ್ಕೂ ಹಾಕಿದ ದುಡ್ಡು ವಾಪಸ್ ಬರುವುದಿಲ್ಲ. ಲಾಸ್ ಏಂಜಲೀಸ್‌ನಿಂದ ವಿಮಾನದಲ್ಲಿ ಹನ್ನೆರಡು ಗಂಟೆಗೂ ಹೆಚ್ಚು ದೂರ. ಹೀಗಿದ್ದೂ ‘ಲಾರ್ಡ್ ಆಫ್ ದಿ ರಿಂಗ್ಸ್’ ಸರಣಿಯ ಮೂರೂ ಚಿತ್ರಗಳು 1999ರ ಅಕ್ಟೋಬರ್‌ನಿಂದ 2000ದ ಡಿಸೆಂಬರ್‌ವರೆಗೆ ಅಲ್ಲಿ ಒಟ್ಟಿಗೆ ಚಿತ್ರೀಕರಣಗೊಂಡವು, ಮೂರನೆಯದು 2004ರಲ್ಲಿ 11 ಆಸ್ಕರ್ ಗೆದ್ದಿತು. ಆಮೇಲೂ ಕೆಲಸ ನಿಲ್ಲಲಿಲ್ಲ. ಒಂದು ಚಿತ್ರ ಗೆಲ್ಲುವುದಕ್ಕೂ ಉದ್ಯಮ ಉಳಿಯುವುದಕ್ಕೂ ಇರುವ ವ್ಯತ್ಯಾಸ ತಿಳಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಆ ದೇಶ ಮಾಡಿದ ತಪ್ಪುಗಳೂ ಸಾಕಷ್ಟಿವೆ. ಅವೂ ಕಲಿಯುವುದಕ್ಕೆ ಒಳ್ಳೆಯವೇ.

ಅಲ್ಲಿನ ಬೆಟ್ಟ, ಹಿಮನದಿ, ಹಸಿರೇ ಕಾರಣ ಅಲ್ಲವೇ?

ನೋಟ ಚೆನ್ನಾಗಿದ್ದರೆ ಯೂನಿಟ್ ಬರುತ್ತದೆ, ಆದರೆ ಉಳಿಯುವುದಿಲ್ಲ. ದೂರ ಹೋಗುವುದು ಬೇಡ, ರಾಮನಗರವನ್ನೇ ನೋಡಿ. ‘ಶೋಲೆ’ಗಾಗಿ 1973ರಲ್ಲಿ ಅಲ್ಲಿ ಇಡೀ ಊರನ್ನೇ ಸೆಟ್ಟಾಗಿ ಕಟ್ಟಿದರು. ಬಂಡೆಗಳು ದೇಶಕ್ಕೆಲ್ಲ ಪರಿಚಯವಾದವು. ಚಿತ್ರೀಕರಣ ಮುಗಿದ ಮೇಲೆ ತಂತ್ರಜ್ಞರು ಬಾಂಬೆಗೆ ಹೋದರು, ಸಾಮಾನೂ ಅವರ ಜೊತೆಗೇ ಹೋಯಿತು. ಸೆಟ್ ಕಟ್ಟುವ ಒಂದು ಬಡಗಿ ಶೆಡ್ಡಾಗಲಿ, ಲೈಟು ಬಾಡಿಗೆಗೆ ಕೊಡುವ ಒಂದು ಅಂಗಡಿಯಾಗಲಿ ಊರಿನಲ್ಲಿ ಬೇರೂರಲಿಲ್ಲ. ‘ಮಾಲ್ಗುಡಿ ಡೇಸ್’ ಮುಗಿದ ಮೇಲೆ ಆಗುಂಬೆಯಲ್ಲೂ ಇದೇ ಆಯಿತು.

ಇಲ್ಲಿರುವ ಅಷ್ಟೂ ಉತ್ತರಗಳ ತಿರುಳು ಇದೇ: ಒಂದು ಚಿತ್ರ ಮುಗಿದು ಇನ್ನೊಂದು ಶುರುವಾಗುವ ನಡುವಿನ ಆರು ತಿಂಗಳು ಲೈಟ್‌ಮನ್, ಬಡಗಿ, ಮೇಕಪ್‌ನವರು, ಪ್ರೊಡಕ್ಷನ್ ಅಕೌಂಟೆಂಟ್ ಹೊಟ್ಟೆಪಾಡಿಗೆ ಏನು ಮಾಡುತ್ತಾರೆ? ಈ ಪ್ರಶ್ನೆಗೆ ಉತ್ತರ ಇರುವ ದೇಶದಲ್ಲಿ ಉದ್ಯಮ ಇರುತ್ತದೆ.

ಇದೆಲ್ಲ ಶುರುವಾಗಿದ್ದು ಯಾವಾಗ?

1977ರವರೆಗೆ ಅಲ್ಲಿ ಕಥಾಚಿತ್ರ ಬಂದದ್ದು ಅಪರೂಪ. 1978ರಲ್ಲಿ ಸಂಸತ್ತು ಕಾನೂನು ಮಾಡಿ ನ್ಯೂಜಿಲೆಂಡ್ ಫಿಲ್ಮ್ ಕಮಿಷನ್ ಸ್ಥಾಪಿಸಿತು. ಸ್ಥಳೀಯ ಚಿತ್ರಗಳಿಗೆ ಬಂಡವಾಳ ಹಾಕುವುದು, ಅವನ್ನು ಹೊರಗೆ ಮಾರಲು ನೆರವಾಗುವುದು ಅದರ ಕೆಲಸ.

ಅದೇ ಹೊತ್ತಿಗೆ ಆದಾಯ ತೆರಿಗೆಯಲ್ಲೊಂದು ಸಂದು ಇತ್ತು. ಚಿತ್ರಕ್ಕೆ ಹಣ ಹಾಕಿದವರು ತಾವು ನಿಜವಾಗಿ ಹಾಕಿದ್ದಕ್ಕಿಂತ ಹೆಚ್ಚಿನ ಮೊತ್ತವನ್ನು ತೆರಿಗೆಯಲ್ಲಿ ಕಳೆಯಬಹುದಿತ್ತು. 80ರ ದಶಕದ ಆರಂಭದಲ್ಲಿ ದುಡ್ಡು ಹೊಳೆಯಂತೆ ಹರಿಯಿತು. ಚಿತ್ರ ಓಡಿದರೂ ಓಡದಿದ್ದರೂ ಹೂಡಿಕೆದಾರನಿಗೆ ಲಾಭ, ಹಾಗಾಗಿ ಕಥೆ ಹೇಗಿದೆ ಎಂದು ಕೇಳುವವರೇ ಇರಲಿಲ್ಲ. ಸರ್ಕಾರ 1982ರಲ್ಲಿ ಸಂದು ಮುಚ್ಚಿತು, ಆಗಲೇ ಶುರುವಾಗಿದ್ದ ಚಿತ್ರಗಳಿಗೆ 1984ರವರೆಗೆ ಗಡುವು ಕೊಟ್ಟಿತು. ಆಮೇಲೆ ನಿರ್ಮಾಣ ದಿಢೀರನೆ ಬಿತ್ತು. ಹೂಡಿಕೆದಾರನ ತೆರಿಗೆ ಉಳಿಸುವ ಯೋಜನೆಯಿಂದ ಚಿತ್ರಗಳು ಹುಟ್ಟುತ್ತವೆ, ಸಂಸ್ಥೆಗಳು ಹುಟ್ಟುವುದಿಲ್ಲ. ಇವತ್ತಿಗೂ ಹೊಸದಾಗಿ ಯೋಜನೆ ಬರೆಯುವ ದೇಶಗಳು ಎಡವುವುದು ಇಲ್ಲೇ. ಹಾಗೆಂದು ಆ ನಾಲ್ಕು ವರ್ಷ ಪೂರ್ತಿ ವ್ಯರ್ಥವಾಗಲಿಲ್ಲ. ಆಗ ಸೆಟ್ಟಿನಲ್ಲಿ ಕೆಲಸ ಕಲಿತ ಒಂದು ತಲೆಮಾರು ಮುಂದೆ ಎಲ್ಲರಿಗೂ ಬೇಕಾಯಿತು.

ದೊಡ್ಡ ಚಿತ್ರಗಳು ಬರುವ ಮೊದಲೇ ಅಷ್ಟು ತಂತ್ರಜ್ಞರು ಹೇಗೆ ತಯಾರಾದರು?

ಟಿವಿಯಿಂದ. ಇದನ್ನು ಯಾರೂ ಹೆಚ್ಚು ಹೇಳುವುದಿಲ್ಲ, ಯಾಕೆಂದರೆ ಇದರಲ್ಲಿ ಮೆರುಗಿಲ್ಲ.

‘ಶಾರ್ಟ್‌ಲ್ಯಾಂಡ್ ಸ್ಟ್ರೀಟ್’ ಎಂಬ ಆಸ್ಪತ್ರೆ ಧಾರಾವಾಹಿ 1992ರ ಮೇ ತಿಂಗಳಲ್ಲಿ ಶುರುವಾಗಿ ದಶಕಗಳ ಕಾಲ ವಾರಕ್ಕೆ ಐದು ರಾತ್ರಿ ಪ್ರಸಾರವಾಯಿತು. ವಾರಕ್ಕೆ ಐದು ಕಂತು ತೆಗೆಯಬೇಕೆಂದರೆ ಬರಹಗಾರ, ಸಂಕಲನಕಾರ, ಸಹಾಯಕ ನಿರ್ದೇಶಕ ಎಲ್ಲರೂ ಗಡುವಿನೊಳಗೆ ಕೆಲಸ ಮುಗಿಸುವುದನ್ನು ಕಲಿಯಲೇಬೇಕು. 90ರ ದಶಕದ ಮಧ್ಯದಿಂದ ಆಕ್ಲೆಂಡ್‌ನಲ್ಲಿ ‘ಹರ್ಕ್ಯುಲಿಸ್’, ‘ಝೀನಾ’ ಎಂಬ ಅಮೆರಿಕನ್ ಸರಣಿಗಳು ಬಂದವು. ಕತ್ತಿ, ಕುದುರೆ, ರಾಕ್ಷಸರ ಮುಖವಾಡ, ಮೇಲಿಂದ ಧುಮುಕುವ ಸ್ಟಂಟ್, ಎಲ್ಲವೂ ಕಡಿಮೆ ಖರ್ಚಿನಲ್ಲಿ, ವರ್ಷವಿಡೀ. ‘ಝೀನಾ’ 2001ರವರೆಗೆ ನಡೆಯಿತು. ಆಮೇಲೆ ‘ಪವರ್ ರೇಂಜರ್ಸ್’ ಬಂದು ಎರಡು ದಶಕ ಅಲ್ಲೇ ಇತ್ತು.

1999ರಲ್ಲಿ ‘ಲಾರ್ಡ್ ಆಫ್ ದಿ ರಿಂಗ್ಸ್’ ಶುರುವಾದಾಗ ಕುದುರೆ ಸವಾರರು, ಕೃತಕ ಚರ್ಮ ಎರಕ ಹೊಯ್ಯುವವರು, ಬೆಳಕಿನ ಮುಖ್ಯಸ್ಥರು ಆಗಲೇ ನುರಿತಿದ್ದರು. ಇದನ್ನು ನಕಲು ಮಾಡಬಯಸುವ ದೇಶ ಮೊದಲು ಹುಡುಕಬೇಕಾದದ್ದು ಹಾಲಿವುಡ್ ತಾರೆಯನ್ನಲ್ಲ, ಮೂರು ವರ್ಷ ಬಿಡದೆ ನಡೆಯುವ ಒಂದು ಸಾಧಾರಣ ಸರಣಿಯನ್ನು. ಅದರ ನಡುವೆ ಜಾಹೀರಾತು ಚಿತ್ರಗಳ ಕೆಲಸವೂ ಬರಬೇಕು: ಎರಡು ದಿನದ ಶೂಟಿಂಗ್, ಒಳ್ಳೆ ದುಡ್ಡು, ಹೊಸ ಲೆನ್ಸು, ಹೊಸ ಲೈಟು ಕೈಗೆ ಸಿಗುವ ಅವಕಾಶ.

ವೆಲಿಂಗ್ಟನ್‌ನ ಮಿರಮಾರ್‌ನಲ್ಲಿ ಅಂಥದ್ದೇನಿದೆ?

ಸಮುದ್ರ ದಂಡೆಯ ಒಂದು ಸಾಮಾನ್ಯ ಬಡಾವಣೆ. ನಿರ್ದೇಶಕ ಪೀಟರ್ ಜ್ಯಾಕ್ಸನ್ ಮತ್ತು ಸಂಗಡಿಗರು ಅಲ್ಲಿ ಒಂದೊಂದೇ ಕಟ್ಟಡ ಹಿಡಿದು ಚಿತ್ರ ನಿರ್ಮಾಣದ ಎಲ್ಲ ಹಂತಗಳನ್ನೂ ಕಾಲ್ನಡಿಗೆಯ ದೂರದಲ್ಲಿ ಕೂರಿಸಿದರು. ರಿಚರ್ಡ್ ಟೇಲರ್ ಮತ್ತು ತಾನಿಯಾ ರಾಡ್ಜರ್ 1987ರಲ್ಲಿ ಶುರುಮಾಡಿದ ವರ್ಕ್‌ಶಾಪ್ ಮುಂದೆ ವೇಟಾ ವರ್ಕ್‌ಶಾಪ್ ಆಯಿತು. 1993ರಲ್ಲಿ ಗ್ರಾಫಿಕ್ಸ್‌ಗೆ ವೇಟಾ ಡಿಜಿಟಲ್ ಹುಟ್ಟಿತು. ಸ್ಟೋನ್ ಸ್ಟ್ರೀಟ್ ಸ್ಟುಡಿಯೊ ಮೊದಲು ಬಣ್ಣ ತಯಾರಿಸುವ ಕಾರ್ಖಾನೆಯಾಗಿತ್ತು. ಪಾರ್ಕ್ ರೋಡ್ ಪೋಸ್ಟ್‌ನಲ್ಲಿ ಧ್ವನಿ ಮಿಶ್ರಣ, ಬಣ್ಣ ತಿದ್ದುವಿಕೆ.

ಹಳೆ ಕಾರ್ಖಾನೆಯಲ್ಲಿ ಶೂಟಿಂಗ್ ಮಾಡುವುದಕ್ಕೆ ಬೆಲೆ ತೆರಲೇಬೇಕಾಯಿತು. ಗೋಡೆ, ಮಾಡುಗಳಿಗೆ ಶಬ್ದ ತಡೆಯುವ ಶಕ್ತಿ ಇರಲಿಲ್ಲ, ಪಕ್ಕದಲ್ಲೇ ವಿಮಾನ ನಿಲ್ದಾಣ. ವಿಮಾನ ಏರುವಾಗೆಲ್ಲ ಟೇಕ್ ಹಾಳು. ಕಡೆಗೆ ‘ರಿಂಗ್ಸ್’ ಚಿತ್ರಗಳ ಸಂಭಾಷಣೆಯ ಬಹುಪಾಲನ್ನು ನಟರಿಂದ ಮತ್ತೆ ಡಬ್ ಮಾಡಿಸಬೇಕಾಯಿತು. ನಮ್ಮವರಿಗೆ ಡಬ್ಬಿಂಗ್ ಹೊಸತಲ್ಲ. ಆದರೆ ಲೈವ್ ಸೌಂಡ್‌ಗೆ ಒಗ್ಗಿಕೊಂಡ ಹಾಲಿವುಡ್ ನಟರನ್ನು ತಿಂಗಳುಗಟ್ಟಲೆ ಆ ಕೆಲಸಕ್ಕೆ ಕೂರಿಸುವುದು ದೊಡ್ಡ ಖರ್ಚು. ಗೋದಾಮು ಹಿಡಿಯುವವರು ಬಾಡಿಗೆ ಒಪ್ಪಂದಕ್ಕೆ ಮೊದಲು ಒಂದು ಇಡೀ ದಿನ ಒಳಗೆ ಮೈಕ್ ಇಟ್ಟು ರೆಕಾರ್ಡ್ ಮಾಡಿ ಕೇಳಬೇಕು. ತಗಡಿನ ಮಾಡಿದ್ದರೆ ಮಳೆ ಬಂದಾಗ ಇನ್ನೊಮ್ಮೆ.

ವರ್ಕ್‌ಶಾಪಿನ ಕೆಲಸ ಎಂಥದ್ದು ಎಂಬುದಕ್ಕೆ ಸರಪಳಿ ಕವಚವೊಂದೇ ಸಾಕು. ಉಕ್ಕಿನ ಕವಚ ತೊಟ್ಟು ಹನ್ನೆರಡು ಗಂಟೆ ಕಾದಾಡುವುದು ನೂರಾರು ಸಹನಟರಿಗೆ ಆಗದ ಮಾತು. ಹಾಗಾಗಿ ಪ್ಲಾಸ್ಟಿಕ್ ಪೈಪನ್ನು ತೆಳ್ಳಗೆ ಬಳೆಬಳೆಯಾಗಿ ಕೊಯ್ದು, ಪ್ರತಿ ಬಳೆಯನ್ನೂ ಒಂದು ಕಡೆ ಸೀಳಿ, ಒಂದಕ್ಕೊಂದು ಕೈಯಲ್ಲೇ ಕೋದು, ಮೇಲೆ ಲೋಹದ ಬಣ್ಣ ಹೊಡೆದರು. ಲಕ್ಷಗಟ್ಟಲೆ ಬಳೆಗಳನ್ನು ಹೀಗೆ ಕೋದದ್ದು. ಇಂಥ ಕೈಕಸುಬು ಒಮ್ಮೆ ಊರಿಗೆ ಬಂತೆಂದರೆ ಬೇರೆ ದೇಶಗಳ ಚಿತ್ರಗಳಿಗೂ ಕತ್ತಿ, ಕವಚ, ಪ್ರತಿಮೆ ಮಾಡಿಕೊಡಬಹುದು. ಆಗ ಶೂಟಿಂಗ್ ಇಲ್ಲದ ತಿಂಗಳಲ್ಲೂ ಸಂಬಳ ನಡೆಯುತ್ತದೆ. ಗ್ರಾಫಿಕ್ಸ್‌ನದೂ ಇದೇ ಕಥೆ: ಚಿತ್ರೀಕರಣ ಎಲ್ಲೇ ನಡೆಯಲಿ, ಡೇಟಾ ಮಿರಮಾರ್‌ಗೆ ಬರುತ್ತದೆ.

ರಿಬೇಟ್ ಎಂದರೆ ನಿಖರವಾಗಿ ಏನು?

ನಿರ್ಮಾಪಕ ಆ ದೇಶದೊಳಗೆ ಮಾಡಿದ ಅರ್ಹ ಖರ್ಚಿನಲ್ಲಿ ಒಂದು ಭಾಗವನ್ನು ಸರ್ಕಾರ ನಗದಾಗಿ ಹಿಂದಿರುಗಿಸುತ್ತದೆ. 2000ದ ದಶಕದ ಆರಂಭದಲ್ಲಿ ಇದು 12.5% ಇತ್ತು, 2007ರಲ್ಲಿ 15%, 2014ರಲ್ಲಿ 20% ಆಯಿತು. ದೇಶಕ್ಕೆ ವಿಶೇಷ ಲಾಭ ತರುತ್ತದೆಂದು ತೋರಿಸಿದ ದೊಡ್ಡ ಚಿತ್ರಗಳಿಗೆ ಮೇಲೆ ಇನ್ನೂ 5%. ವಿದೇಶಿ ಕಥಾಚಿತ್ರಗಳಿಗೆ ಕನಿಷ್ಠ ಖರ್ಚಿನ ಮಿತಿ ಬಹುಕಾಲ 1.5 ಕೋಟಿ ನ್ಯೂಜಿಲೆಂಡ್ ಡಾಲರ್ ಇತ್ತು, 2026ರಿಂದ 40 ಲಕ್ಷಕ್ಕೆ ಇಳಿಯಿತು. ಗ್ರಾಫಿಕ್ಸ್ ಮತ್ತು ಪೋಸ್ಟ್ ಪ್ರೊಡಕ್ಷನ್ ಮಾತ್ರ ಅಲ್ಲಿ ಮಾಡಿಸುವವರಿಗೆ ಇದಕ್ಕಿಂತ ಬಹಳ ಕಡಿಮೆ ಮಿತಿಯ ಬೇರೆ ವಿಭಾಗವಿದೆ.

ಇನ್ನು ಲೆಕ್ಕ. ಒಟ್ಟು ಬಜೆಟ್ 2 ಕೋಟಿ ಡಾಲರ್ ಇದೆ, ಅದರಲ್ಲಿ ಅರ್ಹ ಸ್ಥಳೀಯ ಖರ್ಚು 1.5 ಕೋಟಿ ಎಂದಿಟ್ಟುಕೊಳ್ಳಿ. 20% ಅಂದರೆ 30 ಲಕ್ಷ. ಆದರೆ ಈ ಹಣ ಚಿತ್ರ ಮುಗಿದ ಮೇಲೆ ಬರುವಂಥದ್ದು, ಶೂಟಿಂಗ್‌ಗೆ ಹಣ ಈಗಲೇ ಬೇಕು. ಹಾಗಾಗಿ ಮುಂದೆ ಬರುವ ರಿಬೇಟನ್ನೇ ಅಡವಿಟ್ಟು ಸಾಲ ತೆಗೆಯುತ್ತಾರೆ. ಸಾಲ ಕೊಡುವವರು ಅದರ 90%, ಎಂದರೆ 27 ಲಕ್ಷ ಕೊಟ್ಟು, ವರ್ಷಕ್ಕೆ 10% ಬಡ್ಡಿ ಹಾಕಿ, 15 ತಿಂಗಳಲ್ಲಿ ವಸೂಲಾಯಿತು ಎಂದರೆ ಬಡ್ಡಿಯೇ ಸುಮಾರು 3.4 ಲಕ್ಷ. ಕೈಗೆ ಉಳಿಯುವುದು 26.6 ಲಕ್ಷ, ಅದರಲ್ಲೂ ವಕೀಲರ, ಆಡಿಟರ್‌ರ ಶುಲ್ಕ ಹೋಗಬೇಕು. ಬೋರ್ಡಿನ ಮೇಲೆ 20% ಎಂದಿದ್ದರೂ ಒಟ್ಟು ಬಜೆಟ್ಟಿಗೆ ಹೋಲಿಸಿದರೆ ಸಿಗುವುದು 13%ರ ಆಸುಪಾಸು. ಬೇರೆ ಬೇರೆ ದೇಶಗಳ ಯೋಜನೆಗಳನ್ನು ಹೋಲಿಸುವವರು ಈ ಕೊನೆಯ ಸಂಖ್ಯೆಯನ್ನೇ ಇಟ್ಟುಕೊಂಡು ಹೋಲಿಸಬೇಕು.

ಅರ್ಜಿಯ ಹಂತಗಳೇನು? ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ?

ಮೊದಲು ಅಲ್ಲೊಂದು ಕಂಪನಿ ಬೇಕು, ಸಾಮಾನ್ಯವಾಗಿ ಆ ಒಂದು ಚಿತ್ರಕ್ಕಾಗಿಯೇ ತೆರೆದದ್ದು. ನಂತರ ಫಿಲ್ಮ್ ಕಮಿಷನ್‌ಗೆ ಬಜೆಟ್, ಹಣಕಾಸಿನ ಮೂಲ, ಚಿತ್ರಕಥೆ ಕೊಟ್ಟು ತಾತ್ಕಾಲಿಕ ಪ್ರಮಾಣಪತ್ರ ಪಡೆಯಬೇಕು. ಸಾಲ ಕೊಡುವವರು ಕೇಳುವುದು ಈ ಪತ್ರವನ್ನೇ. ಚಿತ್ರ ಮುಗಿದ ಮೇಲೆ ಲೆಕ್ಕಪರಿಶೋಧಿತ ಖರ್ಚಿನ ಪಟ್ಟಿಯ ಜೊತೆ ಅಂತಿಮ ಅರ್ಜಿ.

ಸಿಕ್ಕಿಹಾಕಿಕೊಳ್ಳುವುದು ಬಹುತೇಕ ಲೆಕ್ಕದಲ್ಲಿ. ಸಾಲದ ಬಡ್ಡಿ, ಪ್ರಚಾರ, ವಿತರಣೆಯ ಖರ್ಚು ಅರ್ಹವಲ್ಲ. 15% ಜಿಎಸ್‌ಟಿ ಸೇರಿಸಿ ಲೆಕ್ಕ ಹಾಕುವಂತಿಲ್ಲ. ಸಿಡ್ನಿಯ ಕಂಪನಿಯ ಕ್ಯಾಮೆರಾವನ್ನು ಆಕ್ಲೆಂಡ್‌ನ ಮಧ್ಯವರ್ತಿಯ ಬಿಲ್ಲಿನಲ್ಲಿ ತೋರಿಸಿದರೆ ಆಡಿಟರ್ ಪ್ರಶ್ನೆ ಎತ್ತುತ್ತಾರೆ. ವಿದೇಶದಿಂದ ಬಂದ ನಟ, ತಂತ್ರಜ್ಞರ ಸಂಭಾವನೆಗೆ ಬೇರೆಯೇ ಷರತ್ತುಗಳಿವೆ. ಹತ್ತು ಲಕ್ಷ ಡಾಲರ್ ಖರ್ಚು ತಿರಸ್ಕೃತವಾದರೆ ಎರಡು ಲಕ್ಷ ಖೋತಾ, ಆ ಹೊತ್ತಿಗೆ ಅದರ ಮೇಲಿನ ಸಾಲ ಖರ್ಚಾಗಿ ಹೋಗಿರುತ್ತದೆ. ಮೊದಲ ದಿನದಿಂದಲೇ ಪ್ರತಿ ಬಿಲ್ಲಿಗೂ ‘ಅರ್ಹ’, ‘ಅರ್ಹವಲ್ಲ’ ಎಂಬ ಎರಡು ಕಾಲಂ ಇಡುವ ಪ್ರೊಡಕ್ಷನ್ ಅಕೌಂಟೆಂಟ್ ಬೇಕು. ಹೊಸ ದೇಶಗಳಲ್ಲಿ ಕ್ಯಾಮೆರಾಮನ್ ಸಿಗುತ್ತಾರೆ, ಈ ಅಕೌಂಟೆಂಟ್ ಸಿಗುವುದಿಲ್ಲ. ತರಬೇತಿ ಶಾಲೆ ತೆರೆಯುವವರು ಮೊದಲ ತರಗತಿಯನ್ನು ಇವರಿಗೇ ಇಡುವುದು ಲೇಸು.

ಸ್ಥಳೀಯ ಚಿತ್ರಗಳಿಗೆ ಏನು?

ಅವಕ್ಕೆ 40%. ಕಥೆ, ಸ್ಥಳ, ನಟರು, ತಂತ್ರಜ್ಞರು ಎಷ್ಟರಮಟ್ಟಿಗೆ ನ್ಯೂಜಿಲೆಂಡ್‌ನವರು ಎಂಬುದಕ್ಕೆ ಅಂಕ ಕೊಡುತ್ತಾರೆ. ಅಂಕ ಸಾಲದಿದ್ದರೆ ಅಧಿಕೃತ ಸಹನಿರ್ಮಾಣದ, ಅಂದರೆ ಎರಡು ದೇಶದವರು ಒಪ್ಪಂದದಡಿ ಸೇರಿ ಚಿತ್ರ ಮಾಡುವ ದಾರಿ ಇದೆ. ಇದು ಕೇವಲ ಸಂಸ್ಕೃತಿ ಪ್ರೇಮದಿಂದ ಮಾಡಿದ್ದಲ್ಲ. ಹೊರಗಿನ ಚಿತ್ರಗಳಲ್ಲಿ ನಿರ್ದೇಶಕ, ಛಾಯಾಗ್ರಾಹಕ, ಮುಖ್ಯ ಬರಹಗಾರ ಹೆಚ್ಚಾಗಿ ಹೊರಗಿನವರೇ. ಸ್ಥಳೀಯರು ಎರಡನೇ ಸಾಲಿನಲ್ಲೇ ಉಳಿದುಬಿಡುತ್ತಾರೆ. ಮೊದಲ ಸಾಲಿಗೆ ಬರಲು ಸ್ವಂತ ಚಿತ್ರಗಳೇ ಬೇಕು. ನಿರ್ದೇಶಕರಾದ ಜೇನ್ ಕ್ಯಾಂಪಿಯನ್, ಪೀಟರ್ ಜ್ಯಾಕ್ಸನ್, ಟೈಕಾ ವೈಟಿಟಿ ಮೂವರೂ ಸಣ್ಣ ಚಿತ್ರಗಳಿಂದಲೇ ಮೇಲೆ ಬಂದವರು.

ಮೊದಲು ಸ್ಟುಡಿಯೊ ಕಟ್ಟಬೇಕೇ?

ಬೇಡ. ನ್ಯೂಜಿಲೆಂಡ್‌ನಲ್ಲಿ ಕೆಲಸ ಮೊದಲು ಬಂತು, ಕಟ್ಟಡ ಆಮೇಲೆ. ಹಳೆ ಗೋದಾಮಿನಲ್ಲಿ ದಶಕಗಟ್ಟಲೆ ನಡೆಸಿ, ಜಾಗ ಸಾಲುವುದಿಲ್ಲ ಎಂದು ಖಾತ್ರಿಯಾದ ಮೇಲೆ ಆಕ್ಲೆಂಡ್‌ನ ಹೆಂಡರ್ಸನ್‌ನಲ್ಲಿ ತಲಾ 2,000 ಚದರ ಮೀಟರಿನ ಎರಡು ಹೊಸ ಸ್ಟೇಜ್ (ಒಳಗೆ ಸೆಟ್ ಹಾಕಿ ಶೂಟಿಂಗ್ ಮಾಡುವ ದೊಡ್ಡ ಹಾಲ್) ಕಟ್ಟಿದರು. ಅವು ತೆರೆದದ್ದು 2023ರಲ್ಲಿ. ಕುಮೆಯುವಿನ ನೀರಿನ ಟ್ಯಾಂಕುಗಳೂ ಒಂದು ಶಾರ್ಕ್ ಚಿತ್ರಕ್ಕೆ ಬೇಕೆಂದು ಆದವು.

ಖಾಲಿ ಸ್ಟೇಜಿಗೂ ವಿಮೆ, ಕಾವಲು, ವಿದ್ಯುತ್ ಸಂಪರ್ಕದ ಶುಲ್ಕ ತಪ್ಪದು. ಒಮ್ಮೆ ಕಟ್ಟಿದ ಮೇಲೆ ಅದನ್ನು ತುಂಬಿಸಲು ಬಾಡಿಗೆ ಇಳಿಸುವುದು, ಆಮೇಲೆ ಮದುವೆ, ಎಕ್ಸಿಬಿಷನ್‌ಗೆ ಕೊಡುವುದು, ಕೊನೆಗೆ ರಿಯಲ್ ಎಸ್ಟೇಟ್. ಇದು ಎಷ್ಟೋ ಫಿಲ್ಮ್ ಸಿಟಿಗಳ ಹಣೆಬರಹ.

ಇದುವರೆಗಿನ ದೊಡ್ಡ ಪೆಟ್ಟು ಯಾವುದು?

2021. ಅಮೆಜಾನ್‌ನ ‘ರಿಂಗ್ಸ್’ ಸರಣಿಯ ಮೊದಲ ಸೀಸನ್‌ ಆಕ್ಲೆಂಡ್‌ನಲ್ಲಿ ಚಿತ್ರೀಕರಣವಾಯಿತು. ಸುಮಾರು 65 ಕೋಟಿ ನ್ಯೂಜಿಲೆಂಡ್ ಡಾಲರ್ ಖರ್ಚಿನ ಅಂದಾಜಿತ್ತು. ಸರ್ಕಾರ 20%ರ ಮೇಲೆ ಹೆಚ್ಚುವರಿ 5%ಕ್ಕೂ ಒಪ್ಪಿತ್ತು, ಪ್ರತಿಯಾಗಿ ವರ್ಷಗಟ್ಟಲೆ ಕೆಲಸ, ಪ್ರವಾಸೋದ್ಯಮಕ್ಕೆ ಪ್ರಚಾರ ಸಿಗಬೇಕಿತ್ತು. ಒಪ್ಪಂದವಾಗಿ ಕೆಲವೇ ತಿಂಗಳಲ್ಲಿ, ಆಗಸ್ಟ್‌ನಲ್ಲಿ, ಎರಡನೇ ಸೀಸನ್ ಬ್ರಿಟನ್‌ಗೆ ಹೋಗುತ್ತದೆಂಬ ಪ್ರಕಟಣೆ ಬಂತು. ಸರ್ಕಾರ ಆ 5% ಹಿಂತೆಗೆದುಕೊಂಡಿತು, 20% ಕೊಡಲೇಬೇಕಿತ್ತು.

ಯೋಜನೆಗೆ ಮೇಲ್ಮಿತಿ ಇಲ್ಲದಿದ್ದರೆ ಒಂದೇ ಗ್ರಾಹಕ ಬಜೆಟ್ಟನ್ನು ಅಲ್ಲಾಡಿಸಬಲ್ಲ. ಮೇಲ್ಮಿತಿ ಇಟ್ಟರೆ ಸ್ಟುಡಿಯೊಗಳು ನಂಬುವುದಿಲ್ಲ, ಹಣ ನಡುವೆ ಮುಗಿದುಹೋದರೆ ಎಂಬ ಭಯ. ಎರಡಕ್ಕೂ ಪರಿಹಾರವಾಗಬಲ್ಲದ್ದು ಒಂದೇ: ಹೆಚ್ಚುವರಿ ಭಾಗವನ್ನು ಮುಂಗಡವಾಗಿ ಮಾತು ಕೊಡದೆ, ಎರಡನೇ ಸೀಸನ್ನಿನ ಕೆಲಸ ಶುರುವಾದ ಮೇಲೆ ಬಿಡುಗಡೆ ಮಾಡುವುದು.

ಇದಲ್ಲದೆ ಪೈಪೋಟಿ ಇದೆ. ನೆರೆಯ ಆಸ್ಟ್ರೇಲಿಯಾ ತನ್ನ 16.5% ಅನ್ನು 30%ಕ್ಕೆ ಏರಿಸಿತು. ಡಾಲರ್ ವಿನಿಮಯ ದರ ಏರಿಳಿದರೂ ಲೆಕ್ಕ ತಲೆಕೆಳಗು. 2023ರಲ್ಲಿ ಹಾಲಿವುಡ್‌ನ ಬರಹಗಾರರು, ನಟರು ಮುಷ್ಕರ ಹೂಡಿದಾಗ ಅದರ ಬಿಸಿ ಸಾವಿರಾರು ಮೈಲಿ ದೂರದ ಆಕ್ಲೆಂಡ್‌ಗೂ ತಟ್ಟಿತು.

ಕೆಲಸಗಾರರಿಗೆ ಕಾನೂನಿನ ರಕ್ಷಣೆ ಇದೆಯೇ?

ಇದು ಅಲ್ಲಿನ ಹಳೆ ಗಾಯ. ಅಲ್ಲಿ ಬಹುತೇಕರು ಕಾಯಂ ನೌಕರರಲ್ಲ, ಚಿತ್ರದಿಂದ ಚಿತ್ರಕ್ಕೆ ಗುತ್ತಿಗೆ. ಗುತ್ತಿಗೆದಾರ ಎಂದು ಸಹಿ ಹಾಕಿದ್ದ ಮಾದರಿ ತಯಾರಕರೊಬ್ಬರು ವಾಸ್ತವದಲ್ಲಿ ನೌಕರರೇ ಎಂದು 2005ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2010ರಲ್ಲಿ ‘ಹಾಬಿಟ್’ ಚಿತ್ರಗಳ ಹೊತ್ತಿಗೆ ನಟರ ಸಂಘದೊಂದಿಗೆ ಜಟಾಪಟಿಯಾಗಿ, ಚಿತ್ರವೇ ಬೇರೆ ದೇಶಕ್ಕೆ ಹೋಗುವ ಮಾತು ಬಂದಾಗ, ಸರ್ಕಾರ ತರಾತುರಿಯಲ್ಲಿ ಕಾನೂನು ತಿದ್ದಿತು. ನೌಕರಿ ಎಂದು ಒಪ್ಪಂದದಲ್ಲಿ ಬರೆದಿಲ್ಲದಿದ್ದರೆ ಚಿತ್ರರಂಗದವರೆಲ್ಲ ಗುತ್ತಿಗೆದಾರರೇ ಎಂದಾಯಿತು. ಒಂದು ಸ್ಟುಡಿಯೊಗಾಗಿ ದೇಶದ ಕಾರ್ಮಿಕ ಕಾನೂನು ಬದಲಾಯಿತು ಎಂಬ ಟೀಕೆ ಇನ್ನೂ ನಿಂತಿಲ್ಲ, ನಿಲ್ಲುವುದೂ ಬೇಡ. 2022ರ ಹೊಸ ಕಾಯ್ದೆ ಗುತ್ತಿಗೆ ಪದ್ಧತಿಯನ್ನು ಉಳಿಸಿಕೊಂಡೇ ಸಾಮೂಹಿಕ ಚೌಕಾಸಿಯ ಹಕ್ಕು ಕೊಟ್ಟಿತು, ಆದರೆ ಆ ಚೌಕಾಸಿಗಾಗಿ ಮುಷ್ಕರ ಹೂಡುವಂತಿಲ್ಲ. ಹೊಸದಾಗಿ ಉದ್ಯಮ ಕಟ್ಟುವ ದೇಶ ಕೆಲಸದ ಗಂಟೆ, ಓವರ್‌ಟೈಮ್, ಅಪಘಾತ ವಿಮೆಯನ್ನು ಮೊದಲ ದೊಡ್ಡ ಚಿತ್ರ ಬರುವ ಮುನ್ನವೇ ಬರೆದಿಡಬೇಕು. ಸ್ಟುಡಿಯೊ ಬಾಗಿಲಲ್ಲಿ ನಿಂತಾಗ ಬರೆದ ಕಾನೂನು ಸ್ಟುಡಿಯೊದ್ದೇ ಆಗಿರುತ್ತದೆ.

ಕಾಡು, ಬೆಟ್ಟಗಳಲ್ಲಿ ಶೂಟಿಂಗ್‌ಗೆ ಯಾರ ಅನುಮತಿ ಬೇಕು?

ದೇಶದ ಭೂಮಿಯಲ್ಲಿ ಸುಮಾರು ಮೂರನೇ ಒಂದು ಭಾಗ ಸಂರಕ್ಷಣಾ ಇಲಾಖೆಯ ಕೈಯಲ್ಲಿದೆ. ಅಲ್ಲಿ ವಾಣಿಜ್ಯ ಚಿತ್ರೀಕರಣ, ಹೆಲಿಕಾಪ್ಟರ್ ಇಳಿಸುವುದು, ಡ್ರೋನ್ ಹಾರಿಸುವುದು, ಎಲ್ಲಕ್ಕೂ ಅನುಮತಿ ಬೇಕು. ಟೊಂಗಾರಿರೊ ಸುತ್ತಿನ ಜ್ವಾಲಾಮುಖಿ ಶಿಖರಗಳನ್ನು 1887ರಲ್ಲಿ ಅಲ್ಲಿನ ಮೂಲನಿವಾಸಿಗಳಾದ ಮಾವೊರಿಗಳ ನಾಯಕ ತೆ ಹೆಉಹೆಉ ತುಕಿನೊ ರಾಷ್ಟ್ರಕ್ಕೆ ಒಪ್ಪಿಸಿದರು. ಆ ಶಿಖರಗಳು ಅವರ ಜನಕ್ಕೆ ಪವಿತ್ರ. ಅಲ್ಲಿ ಕೆಲಸ ಮಾಡುವವರು ಸ್ಥಳೀಯ ಮಾವೊರಿ ಪಂಗಡದೊಂದಿಗೆ ಮೊದಲೇ ಮಾತಾಡಬೇಕು. ಶೂಟಿಂಗ್‌ಗೆ ಮೂರು ವಾರವಿರುವಾಗ ಹೋದರೆ ಕೆಲಸ ಆಗುವುದಿಲ್ಲ, ಲೊಕೇಶನ್ ನೋಡಲು ಹೋದ ಮೊದಲ ಸಲವೇ ಭೇಟಿಯಾಗಬೇಕು. ‘ರಿಂಗ್ಸ್’ ಯೂನಿಟ್ ರುವಾಪೆಹು ಬೆಟ್ಟದಲ್ಲಿ ಪಾಚಿ ಮತ್ತು ಚಿಕ್ಕ ಗಿಡಗಳು ತುಳಿದು ಸಾಯದಿರಲೆಂದು ನೆಲದ ಮೇಲೆ ಕಾರ್ಪೆಟ್ ಹಾಸಿತ್ತು.

ಕ್ಯಾಮೆರಾ, ಸೆಟ್ ಸಾಮಾನು ಒಯ್ಯುವಾಗ ಏನು ನೋಡಿಕೊಳ್ಳಬೇಕು?

ಉಪಕರಣಗಳಿಗೆ ಎಟಿಎ ಕಾರ್ನೆಟ್ (ಸುಂಕ ಕಟ್ಟದೆ ತಾತ್ಕಾಲಿಕವಾಗಿ ಒಯ್ದು ತರುವ ಕಸ್ಟಮ್ಸ್ ಪತ್ರ) ಮಾಡಿಸಿ, ಭಾರತದಲ್ಲಿ ಇದನ್ನು ಕೊಡುವುದು ಉದ್ಯಮಿಗಳ ಒಕ್ಕೂಟವಾದ ಫಿಕ್ಕಿ. ಪ್ರತಿ ಲೆನ್ಸಿನ ಸೀರಿಯಲ್ ನಂಬರ್ ಪಟ್ಟಿಯಲ್ಲಿರಬೇಕು. ಒಂದು ಅಂಕಿ ತಪ್ಪಿದರೂ ವಾಪಸ್ ಬರುವಾಗ ಕಸ್ಟಮ್ಸ್‌ನಲ್ಲಿ ಕೂರಬೇಕಾಗುತ್ತದೆ.

ಅದಕ್ಕಿಂತ ಕಟ್ಟುನಿಟ್ಟು ಜೈವಿಕ ಸುರಕ್ಷೆಯ ತಪಾಸಣೆ. ಟ್ರೈಪಾಡ್ ಕಾಲಿಗೆ ಅಂಟಿದ ಮಣ್ಣು, ಶೂ ತಳದ ಬೀಜ, ಹುಲ್ಲಿನ ಪ್ರಾಪ್ಸ್, ಒಣ ಎಲೆ, ತೊಗಟೆ ಇರುವ ಮರ, ಕುದುರೆ ಜೀನು ಇವೆಲ್ಲ ಅವರ ಕಣ್ಣಿಗೆ ಬೀಳುತ್ತವೆ. ಮರದ ಪೆಟ್ಟಿಗೆಗೆ ಶಾಖ ಸಂಸ್ಕರಣೆಯ ಮುದ್ರೆ ಇರಬೇಕು. ಘೋಷಿಸದೆ ಒಯ್ದದ್ದು ಸಿಕ್ಕರೆ ಸ್ಥಳದಲ್ಲೇ 400 ಡಾಲರ್ ದಂಡ. ಯೂನಿಟ್‌ನಲ್ಲಿ ಯಾರೋ ಚೀಲದಲ್ಲಿ ಉಪ್ಪಿನಕಾಯಿ, ಜೇನುತುಪ್ಪ ಇಟ್ಟುಕೊಂಡಿರುತ್ತಾರೆ. ಹೊರಡುವ ಹಿಂದಿನ ದಿನ ಎಲ್ಲರಿಗೂ ಸಾರಿ ಹೇಳಿ. ಗ್ರಿಪ್ ಸಾಮಾನು (ಕ್ಯಾಮೆರಾ ನಿಲ್ಲಿಸುವ, ಸರಿಸುವ ಉಪಕರಣ), ಲೈಟು ಇಲ್ಲಿಂದ ಒಯ್ಯುವುದರಲ್ಲಿ ಅರ್ಥವೇ ಇಲ್ಲ, ಅಲ್ಲೇ ಬಾಡಿಗೆಗೆ ಸಿಗುತ್ತದೆ.

ಯಾವ ತಿಂಗಳು ಸೂಕ್ತ?

ಅಲ್ಲಿ ಬೇಸಿಗೆ ಡಿಸೆಂಬರ್‌ನಿಂದ ಫೆಬ್ರವರಿ. ಕ್ವೀನ್ಸ್‌ಟೌನ್‌ನಲ್ಲಿ ಡಿಸೆಂಬರ್‌ನ ಹಗಲು ಹದಿನೈದೂವರೆ ಗಂಟೆ ದಾಟುತ್ತದೆ, ಜೂನ್‌ನಲ್ಲಿ ಒಂಬತ್ತಕ್ಕೂ ಕಮ್ಮಿ. ಜೂನ್‌ನಲ್ಲಿ ಹೋದರೆ ದಿನಕ್ಕೆ ಸಿಗುವ ಶಾಟ್ ಹೆಚ್ಚುಕಡಿಮೆ ಅರ್ಧ, ಹೋಟೆಲ್ ಬಾಡಿಗೆ, ಬಾಟಾ (ದಿನಭತ್ಯೆ) ಮಾತ್ರ ಪೂರ್ತಿ. ಹವೆ ಗಂಟೆಗೊಮ್ಮೆ ಬದಲಾಗುತ್ತದೆ, ಹಾಗಾಗಿ ಪ್ರತಿ ಹೊರಾಂಗಣ ದಿನಕ್ಕೂ ಒಳಾಂಗಣದ ಒಂದು ದೃಶ್ಯ ಕಾಯ್ದಿರಿಸಿ.

ಪ್ರವಾಸೋದ್ಯಮಕ್ಕೆ ನಿಜವಾಗಿ ಲಾಭವಾಯಿತೇ?

ಆಯಿತು, ಆದರೆ ಮೊದಲ ಸಲದಲ್ಲೇ ಸರಿಯಾಗಲಿಲ್ಲ. ಮಾಟಾಮಾಟಾದ 1,250 ಎಕರೆಯ ಕುರಿ ಫಾರ್ಮ್‌ ಒಂದರಲ್ಲಿ ಹಾಬಿಟ್ ಊರಿನ ಸೆಟ್ ಹಾಕಿದರು. ರಸ್ತೆ ಮಾಡಲು ಸೈನ್ಯದ ನೆರವು ಪಡೆದರು, ಬೇಲಿ ಗಿಡಗಳು ಸಹಜವಾಗಿ ಬೆಳೆಯಲೆಂದು ಮುಂಚಿತವಾಗಿಯೇ ನೆಟ್ಟರು. ಆದರೆ ಮನೆಗಳು ಪ್ಲೈವುಡ್, ಥರ್ಮಾಕೋಲಿನವು, ಶೂಟಿಂಗ್ ಮುಗಿದ ಮೇಲೆ ಕೆಡವಲು ಶುರುಮಾಡಿದರು. ಅರ್ಧ ಉಳಿದದ್ದನ್ನು ನೋಡಲೂ ಜನ ಬಂದರು. 2002ರಿಂದ ಟೂರ್ ನಡೆಯಿತು. ‘ಹಾಬಿಟ್’ ಚಿತ್ರಗಳಿಗೆ ಮತ್ತೆ ಕಟ್ಟುವಾಗ ಬಾಳಿಕೆ ಬರುವ ಸಾಮಗ್ರಿಯನ್ನೇ ಬಳಸಿದರು. ಸೆಟ್ ಉಳಿಸಿಕೊಳ್ಳುವ ಹಕ್ಕು ಯಾರದು ಎಂಬುದನ್ನು ಜಮೀನಿನ ಒಪ್ಪಂದದಲ್ಲೇ ಬರೆಯಬೇಕು. ಇಲ್ಲದಿದ್ದರೆ ನಿರ್ಮಾಪಕ ‘ಇದ್ದ ಹಾಗೆ ಮರಳಿಸುವ’ ಷರತ್ತಿನ ಪ್ರಕಾರ ನೆಲಸಮ ಮಾಡಿ ಹೋಗುತ್ತಾನೆ.

ಬೇರೆ ಸಣ್ಣ ದೇಶಗಳ ದಾರಿ ಬೇರೆಯೇ?

ಮಾಲ್ಟಾ ಒಂದೇ ವಿಷಯದಲ್ಲಿ ಪರಿಣತಿ ಬೆಳೆಸಿಕೊಂಡಿತು. ಕಲ್ಕಾರಾದ ಕಡಲಂಚಿನಲ್ಲಿ 60ರ ದಶಕದಲ್ಲಿ ಕಟ್ಟಿದ ನೀರಿನ ಟ್ಯಾಂಕಿನ ಅಂಚು ಹಿಂದಿನ ಸಮುದ್ರದ ದಿಗಂತಕ್ಕೆ ಕೂಡಿಕೊಂಡಂತೆ ಕಾಣುತ್ತದೆ. ಹಡಗಿನ ದೃಶ್ಯವನ್ನು ಅಲೆಯ ಕಾಟವಿಲ್ಲದೆ ತೆಗೆಯಬಹುದು. ಐಸ್‌ಲೆಂಡ್ 1999ರಲ್ಲಿ 12%ರಿಂದ ಶುರುಮಾಡಿ 25%ಕ್ಕೆ ಬಂತು. 2022ರಿಂದ ದೊಡ್ಡ ಯೋಜನೆಗಳಿಗೆ 35% ಕೊಡುತ್ತದೆ, ಆದರೆ ಅಲ್ಲಿ ಕನಿಷ್ಠ 30 ದಿನ ಕೆಲಸ ನಡೆಯಬೇಕು, ಕನಿಷ್ಠ 50 ಜನ ದುಡಿಯಬೇಕು. ಎರಡು ದಿನ ಹಿಮನದಿ ಚಿತ್ರಿಸಿಕೊಂಡು ಹೋಗುವವರಿಗೆ ಇದು ಸಿಗದು. ಷರತ್ತು ಬರೆಯುವುದು ಹೇಗೆಂದು ಕಲಿಯಬೇಕಾದರೆ ಇಲ್ಲಿ ಕಲಿಯಿರಿ. ಐರ್ಲೆಂಡ್ 1987ರಲ್ಲಿ ತನ್ನ ಫಿಲ್ಮ್ ಬೋರ್ಡ್ ಮುಚ್ಚಿ, 1993ರಲ್ಲಿ ಮತ್ತೆ ತೆರೆಯಿತು. ಈಗ ತೆರಿಗೆ ವಿನಾಯಿತಿ ಬೇಕಾದ ದೊಡ್ಡ ನಿರ್ಮಾಪಕರು ಸ್ಥಳೀಯರಿಗೆ ತರಬೇತಿ ಕೊಡುವ ಯೋಜನೆಯನ್ನೂ ಸಲ್ಲಿಸಬೇಕು.

ಕನ್ನಡ ನಿರ್ಮಾಪಕರು ನ್ಯೂಜಿಲೆಂಡ್ ರಿಬೇಟ್ ಪಡೆಯಬಹುದೇ?

ಎರಡು ಹಾಡು, ಒಂದು ಫೈಟ್ ತೆಗೆಯಲು ಹೋಗುವವರಿಗೆ ಇಲ್ಲ. ಮಿತಿ ಇಳಿದ ಮೇಲೂ 40 ಲಕ್ಷ ಡಾಲರ್ ಅಂದರೆ ಹೆಚ್ಚೂಕಡಿಮೆ 20 ಕೋಟಿ ರೂಪಾಯಿ, ಅಷ್ಟನ್ನೂ ಅಲ್ಲೇ ಖರ್ಚು ಮಾಡಬೇಕು. ಗ್ರಾಫಿಕ್ಸ್ ವಿಭಾಗ ಒಂದು ದಾರಿ. ಇನ್ನೊಂದು, ಭಾರತ ಮತ್ತು ನ್ಯೂಜಿಲೆಂಡ್ 2011ರಲ್ಲಿ ಸಹಿ ಹಾಕಿದ ಸಹನಿರ್ಮಾಣ ಒಪ್ಪಂದ. ಎರಡೂ ಕಡೆಯ ಬಂಡವಾಳ, ಎರಡೂ ಕಡೆಯ ಕಲಾವಿದರು, ತಂತ್ರಜ್ಞರು ಇದ್ದು, ಎರಡೂ ಸರ್ಕಾರಗಳ ಮಾನ್ಯತೆ ಸಿಕ್ಕರೆ ಚಿತ್ರ ಅಲ್ಲಿ ಸ್ಥಳೀಯ ಎನಿಸಿಕೊಳ್ಳುತ್ತದೆ. ಅರ್ಜಿ ಚಿತ್ರೀಕರಣಕ್ಕೆ ಮುಂಚೆಯೇ ಹೋಗಬೇಕು. ಆಕ್ಲೆಂಡ್‌ನಲ್ಲಿ ನೆಲೆಸಿದ ಕನ್ನಡಿಗರ ಕಥೆಯಂಥ ವಸ್ತುವಿದ್ದರೆ ಮಾತ್ರ ಇದು ಸಹಜವಾಗಿ ಕೂರುತ್ತದೆ. ರಿಬೇಟ್‌ಗಾಗಿ ಕಥೆಯನ್ನು ವಿದೇಶಕ್ಕೆ ಎಳೆದರೆ ಅಂಕವೂ ಸಿಗುವುದಿಲ್ಲ, ಕಥೆಯೂ ಉಳಿಯುವುದಿಲ್ಲ.

ಇದರಲ್ಲಿ ಕರ್ನಾಟಕಕ್ಕೆ ಏನಾದರೂ ಅನ್ವಯಿಸುತ್ತದೆಯೇ?

ಮೈಸೂರಿನಲ್ಲಿ 150 ಎಕರೆಯಲ್ಲಿ ಚಿತ್ರನಗರಿ ಮಾಡುವುದಾಗಿ ರಾಜ್ಯ ಸರ್ಕಾರ 2025ರ ಬಜೆಟ್‌ನಲ್ಲಿ ಹೇಳಿದೆ. ವಿದೇಶಿ ಚಿತ್ರಗಳಿಗೆ ಕೇಂದ್ರ ಸರ್ಕಾರ 2023ರಿಂದ 40%ವರೆಗೆ, ಗರಿಷ್ಠ 30 ಕೋಟಿ ರೂಪಾಯಿ ಕೊಡುತ್ತಿದೆ. ಜಾಗವೂ ಬರುತ್ತದೆ, ದುಡ್ಡೂ ಇದೆ ಎಂದಾದರೆ ಉಳಿಯುವುದು ಜನ. ಮೈಸೂರಿನಲ್ಲಿ ಸ್ಟೇಜ್ ಏಳುವ ಮುನ್ನ ಅಲ್ಲೇ ವಾಸಿಸುವ ಬಡಗಿಗಳು, ಎಲೆಕ್ಟ್ರಿಷಿಯನ್‌ಗಳು, ದರ್ಜಿಗಳ ಪಟ್ಟಿ ಮಾಡಿ, ಬೆಂಗಳೂರಿನಲ್ಲಿ ನಡೆಯುವ ಎರಡು ಮೂರು ದಿನವಹಿ ಧಾರಾವಾಹಿಗಳನ್ನು ಬಾಡಿಗೆ ರಿಯಾಯಿತಿ ಕೊಟ್ಟು ಅಲ್ಲಿಗೆ ಕರೆಸಬೇಕು. ಧಾರಾವಾಹಿಗೆ ದೊಡ್ಡ ಸ್ಟೇಜ್ ಬೇಕಿಲ್ಲ, ಒಳ್ಳೆಯ ಕರೆಂಟು ಮತ್ತು ಊಟ ಸಾಕು. ರಿಯಾಯಿತಿಗೆ ಒಂದು ಷರತ್ತು: ಪ್ರತಿ ವಿಭಾಗದಲ್ಲೂ ಕನಿಷ್ಠ ಇಬ್ಬರು ಸ್ಥಳೀಯರು, ಅವರ ಹೆಸರು ಕಾಲ್‌ಶೀಟ್‌ನಲ್ಲಿ, ಅಂದರೆ ಆ ದಿನ ಕೆಲಸಕ್ಕೆ ಬರುವವರ ಪಟ್ಟಿಯಲ್ಲಿ.